ಯಂತ್ರದ ತೀರ್ಪು: ಸರಳ ಲೆಕ್ಕ, ಜಾಣ ಹುಡುಕಾಟ

ಬ್ಯಾಂಕು ಕಳುಹಿಸಿದ ನಿಜವಾದ ಎಚ್ಚರಿಕೆಯ ಸಂದೇಶ ರದ್ದಿಯ ಬುಟ್ಟಿಗೆ ಬೀಳುವುದು, ಬಹುಮಾನದ ಆಮಿಷವೊಡ್ಡುವ ವಂಚಕನ ಸಂದೇಶ ನೇರವಾಗಿ ಕಣ್ಣೆದುರಿಗೆ ಬಂದು ನಿಲ್ಲುವುದು ಮೊಬೈಲ್ ಬಳಸುವವರಿಗೆ ಹೊಸ ಸಂಗತಿಗಳೇನಲ್ಲ. ಇದನ್ನು ತಡೆಯುವ ಸಲುವಾಗಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ವಾಣಿಜ್ಯ ಸಂದೇಶಗಳ ನಿಯಮಾವಳಿಯನ್ನು ರೂಪಿಸಿತು. 2025ರ ಫೆಬ್ರುವರಿಯಲ್ಲಿ ಅದಕ್ಕೆ ತಿದ್ದುಪಡಿ ತಂದು, ಸಂದೇಶ ಕಳುಹಿಸುವ ಸಂಸ್ಥೆಯ ಹೆಸರಿನ ಕೊನೆಗೆ ಪಿ, ಎಸ್, ಟಿ, ಜಿ ಎಂಬ ಅಕ್ಷರಗಳನ್ನು ಸೇರಿಸಿ ಪ್ರಚಾರ, ಸೇವೆ, ವಹಿವಾಟು, ಸರ್ಕಾರ ಎಂದು ವಿಂಗಡಿಸುವ ವ್ಯವಸ್ಥೆಯನ್ನು ವಿಧಿಸಿತು. ಅದಕ್ಕೂ ಮುನ್ನ, 2024ರ ಸೆಪ್ಟೆಂಬರಿನಲ್ಲಿ, ಏರ್‌ಟೆಲ್ ಸಂಸ್ಥೆಯು ಸಂಶಯಾಸ್ಪದ ಕರೆ ಮತ್ತು ಸಂದೇಶಗಳ ಬಗ್ಗೆ ಗ್ರಾಹಕರನ್ನು ಎಚ್ಚರಿಸುವ ಕೃತಕ ಬುದ್ಧಿಮತ್ತೆಯ ಸೇವೆಯನ್ನು ಆರಂಭಿಸಿತ್ತು. ನಿಯಮಕ್ಕೆ ಕಳುಹಿಸಿದವನನ್ನು ಗುರುತಿಸಲು ಸಾಧ್ಯ; ಸಂದೇಶದ ಹಿಂದಿನ ಉದ್ದೇಶವನ್ನು ಅಳೆಯುವ ಹೊಣೆ ಮಾತ್ರ ಯಂತ್ರದ ಪಾಲಿಗೆ ಬಂದಿದೆ.

ಕೃತಕ ಬುದ್ಧಿಮತ್ತೆ ಎಂದೊಡನೆ ಇಂದು ಎಲ್ಲರ ಕಣ್ಣ ಮುಂದೆ ಬರುವುದು ಸಹಸ್ರಾರು ಕೋಟಿ ರೂಪಾಯಿಗಳ ಗಣಕಶಕ್ತಿಯನ್ನು ಬೇಡುವ ದೈತ್ಯ ಭಾಷಾ ಮಾದರಿಗಳು. ಆದರೆ ‘ಇದು ಅದೋ, ಅಲ್ಲವೋ’ ಎಂದು ವಿಂಗಡಿಸುವ ಕೆಲಸಕ್ಕೆ ಅವುಗಳಿಗಿಂತ ಬಹಳ ಹಳೆಯದಾದ, ಒಂದು ಹಾಳೆಯ ಮೇಲೆ ಬರೆದು ತೋರಿಸಬಹುದಾದಷ್ಟು ಸರಳವಾದ ಲೆಕ್ಕವೊಂದಿದೆ. ಆ ಲೆಕ್ಕದ ದೋಷಗಳನ್ನು ತಿದ್ದಲು ಮೂರು ದಶಕಗಳಿಂದ ನಡೆದಿರುವ ಪ್ರಯತ್ನಗಳನ್ನು ಅರಿತರೆ, ನಮ್ಮ ಬದುಕಿನ ಬಗ್ಗೆ ತೀರ್ಪು ನೀಡುವ ಯಂತ್ರಗಳನ್ನು ಯಾವ ಪ್ರಶ್ನೆ ಕೇಳಬೇಕೆಂಬುದೂ ತಿಳಿಯುತ್ತದೆ.

ಎಣಿಕೆಯೇ ಬಂಡವಾಳ

ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ 1761ರಲ್ಲಿ ನಿಧನರಾದರು. ಅವರ ಕಾಗದಪತ್ರಗಳಲ್ಲಿದ್ದ ಪ್ರಬಂಧವನ್ನು ಮಿತ್ರ ರಿಚರ್ಡ್ ಪ್ರೈಸ್ ಪರಿಷ್ಕರಿಸಿ, ಅದು 1763ರಲ್ಲಿ ಪ್ರಕಟವಾಗುವಂತೆ ಮಾಡಿದರು. ಹೊಸ ಸಾಕ್ಷಿ ದೊರೆತಾಗ ಹಳೆಯ ನಂಬಿಕೆಯನ್ನು ಎಷ್ಟರ ಮಟ್ಟಿಗೆ ಬದಲಿಸಿಕೊಳ್ಳಬೇಕು ಎಂಬುದಕ್ಕೆ ಅದರಿಂದ ಒಂದು ಸೂತ್ರ ಹುಟ್ಟಿತು. ಆ ಸೂತ್ರವನ್ನೇ ನೆಚ್ಚಿಕೊಂಡ ವರ್ಗೀಕಾರಕಕ್ಕೆ ಯಂತ್ರಕಲಿಕೆಯ ಕ್ಷೇತ್ರದಲ್ಲಿ ‘ನೈವ್ ಬೇಯ್ಸ್’, ಅಂದರೆ ಮುಗ್ಧ ಬೇಯ್ಸ್ ಎಂಬ ಹೆಸರಿದೆ.

ಅದರ ಕಾರ್ಯವಿಧಾನ ಇಷ್ಟೇ. ಈಗಾಗಲೇ ಮನುಷ್ಯರು ಒಳ್ಳೆಯದು, ರದ್ದಿ ಎಂದು ಗುರುತಿಸಿಟ್ಟ ಸಂದೇಶಗಳ ರಾಶಿಯಲ್ಲಿ ಪ್ರತಿಯೊಂದು ಪದವೂ ಯಾವ ಗುಂಪಿನಲ್ಲಿ ಎಷ್ಟು ಬಾರಿ ಬಂದಿದೆ ಎಂದು ಯಂತ್ರ ಎಣಿಸಿಟ್ಟುಕೊಳ್ಳುತ್ತದೆ. ಹೊಸ ಸಂದೇಶ ಬಂದಾಗ ಅದರಲ್ಲಿರುವ ಒಂದೊಂದು ಪದವೂ ಒಂದೊಂದು ಸಾಕ್ಷಿಯಾಗುತ್ತದೆ. ಸಾಕ್ಷಿಗಳ ತೂಕವನ್ನೆಲ್ಲ ಒಂದರೊಡನೊಂದು ಗುಣಿಸಿ, ಯಾವ ಕಡೆಯ ತಕ್ಕಡಿ ತಗ್ಗುತ್ತದೆಯೋ ಆ ಕಡೆಗೆ ತೀರ್ಪು ಕೊಡಲಾಗುತ್ತದೆ. ಈ ಲೆಕ್ಕದಲ್ಲಿ ಪ್ರತಿ ಸಾಕ್ಷಿಯೂ ಮತ್ತೊಂದರ ಹಂಗಿಲ್ಲದೆ ಸ್ವತಂತ್ರವಾಗಿ ನುಡಿಯುತ್ತಿದೆ ಎಂಬ ಊಹೆ ಅಡಗಿದೆ. ಆ ಊಹೆ ನಿಜ ಜೀವನದಲ್ಲಿ ಬಹುಮಟ್ಟಿಗೆ ಸುಳ್ಳು. ‘ಮುಗ್ಧ’ ಎಂಬ ವಿಶೇಷಣ ಅಂಟಿಕೊಂಡದ್ದು ಅದರಿಂದಲೇ.

ಆದರೂ ಈ ಮುಗ್ಧನ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಬ್ರಿಟನ್ನಿನ ಲೀಡ್ಸ್ ನಗರದಲ್ಲಿ ವೈದ್ಯ ಎಫ್. ಟಿ. ಡಿ ಡೊಂಬಲ್ ಮತ್ತು ಸಂಗಡಿಗರು ತೀವ್ರ ಹೊಟ್ಟೆನೋವಿನಿಂದ ಆಸ್ಪತ್ರೆಗೆ ಬಂದ 304 ರೋಗಿಗಳ ಮೇಲೆ ಇಂಥದೇ ಲೆಕ್ಕವನ್ನು ಪ್ರಯೋಗಿಸಿ, 1972ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಣಕಯಂತ್ರದ ರೋಗನಿರ್ಣಯ ಶೇ 91.8ರಷ್ಟು ಸರಿಯಾಗಿತ್ತು, ಪ್ರತಿ ರೋಗಿಯನ್ನು ನೋಡಿದ ವೈದ್ಯರಲ್ಲಿ ಅತ್ಯಂತ ಹಿರಿಯರಾದವರ ನಿರ್ಣಯ ಶೇ 79.6ರಷ್ಟು ಸರಿಯಾಗಿತ್ತು. 1998ರಲ್ಲಿ ಮೆಹ್ರಾನ್ ಸಹಾಮಿ, ಸೂಸನ್ ಡ್ಯುಮೇ, ಡೇವಿಡ್ ಹೆಕರ್‌ಮನ್ ಮತ್ತು ಎರಿಕ್ ಹಾರ್ವಿಟ್ಜ್ ಇದನ್ನು ರದ್ದಿ ಮಿಂಚಂಚೆಯ ಶೋಧನೆಗೆ ಬಳಸಿದರು. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಲೇಖನವೊಂದರಿಂದ ಅದು ಜನಸಾಮಾನ್ಯರ ಅಂಚೆಪೆಟ್ಟಿಗೆಯವರೆಗೂ ತಲುಪಿತು.

ಒಂದೇ ಸಾಕ್ಷಿ, ಎರಡು ಬಾಯಿ

ದೋಷ ಎಲ್ಲಿದೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಒಂದು ಸಂದೇಶ ರದ್ದಿಯಾಗಿರುವ ಮತ್ತು ಒಳ್ಳೆಯದಾಗಿರುವ ಸಾಧ್ಯತೆಗಳು ಮೊದಲಿಗೆ ಸಮಸಮ ಎಂದಿಟ್ಟುಕೊಳ್ಳೋಣ. ‘ಬಹುಮಾನ’ ಎಂಬ ಪದ ಒಳ್ಳೆಯ ಸಂದೇಶಗಳಿಗಿಂತ ರದ್ದಿ ಸಂದೇಶಗಳಲ್ಲಿ ಹತ್ತು ಪಟ್ಟು ಹೆಚ್ಚಾಗಿ ಬರುತ್ತದೆ ಎನ್ನೋಣ. ಆ ಪದ ಕಂಡೊಡನೆ ಸಂಶಯದ ಅನುಪಾತ 10ಕ್ಕೆ 1 ಆಗುತ್ತದೆ. ಅಂದರೆ ಸುಮಾರು ಶೇ 91. ಈಗ ‘ಅಭಿನಂದನೆಗಳು’ ಎಂಬ ಪದವೂ ಸದಾ ‘ಬಹುಮಾನ’ದ ಜೊತೆಯಲ್ಲೇ ಬರುತ್ತದೆ ಎಂದುಕೊಂಡರೆ, ಎರಡನೆಯ ಪದದಿಂದ ಹೊಸದಾಗಿ ತಿಳಿದದ್ದು ಏನೂ ಇಲ್ಲ. ಆದರೆ ಮುಗ್ಧ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ. ಅದು ಹತ್ತನ್ನು ಹತ್ತರಿಂದ ಗುಣಿಸಿ 100ಕ್ಕೆ 1 ಎಂದು ಸಾರುತ್ತದೆ; ಶೇ 99! ಕಣ್ಣಾರೆ ಕಂಡವನೊಬ್ಬ, ಅವನ ಬಾಯಿಂದ ಕೇಳಿ ಅದನ್ನೇ ನುಡಿಯುವವನೊಬ್ಬ. ಇಬ್ಬರನ್ನೂ ಪ್ರತ್ಯೇಕ ಸಾಕ್ಷಿಗಳೆಂದು ನ್ಯಾಯಾಲಯ ಪರಿಗಣಿಸಿದಂತೆ ಇದು.

ತೀರ್ಪು ‘ರದ್ದಿ’ ಎಂದೇ ಆಗಬೇಕಿದ್ದರೆ ಇದರಿಂದ ಹಾನಿಯಿಲ್ಲ. ಶೇ 91 ಆದರೇನು, ಶೇ 99 ಆದರೇನು, ಉತ್ತರ ಒಂದೇ. ಪೆಡ್ರೋ ಡೊಮಿಂಗೋಸ್ ಮತ್ತು ಮೈಕೆಲ್ ಪಝಾನಿ 1997ರಲ್ಲಿ ಗಣಿತದ ಮೂಲಕ ತೋರಿಸಿಕೊಟ್ಟ ಸಂಗತಿ ಇದು: ಸಂಭವನೀಯತೆಯ ಅಂಕಿ ತಪ್ಪಾಗಿದ್ದರೂ ಗೆಲ್ಲುವ ಪಕ್ಷ ಬದಲಾಗದಿದ್ದರೆ ಅಂತಿಮ ವಿಂಗಡಣೆ ಸರಿಯಾಗಿಯೇ ಇರಬಲ್ಲದು. ಸುಳ್ಳು ಊಹೆಯ ಮೇಲೆ ನಿಂತ ಲೆಕ್ಕ ಇಷ್ಟು ದಿನ ಬಾಳಿ ಬಂದುದರ ಗುಟ್ಟು ಇಲ್ಲಿದೆ.

ಆದರೆ ಸಾಕ್ಷಿಗಳು ಎರಡು ದಿಕ್ಕಿಗೆ ಎಳೆದಾಗ ಕಥೆಯೇ ಬೇರೆ. ಮೇಲಿನ ಸಂದೇಶವು ನೀವು ದಿನವೂ ವ್ಯವಹರಿಸುವ ಪರಿಚಿತ ಸಂಸ್ಥೆಯಿಂದ ಬಂದಿದ್ದು, ಆ ಒಂದು ಲಕ್ಷಣ ಅದರ ಸಾಚಾತನಕ್ಕೆ 20ಕ್ಕೆ 1ರ ಬಲ ಕೊಡುತ್ತದೆ ಎನ್ನೋಣ. ಸರಿಯಾದ ಲೆಕ್ಕದಲ್ಲಿ ಸಂಶಯದ 10ಕ್ಕೆ ಪ್ರತಿಯಾಗಿ ವಿಶ್ವಾಸದ 20 ನಿಲ್ಲುತ್ತದೆ, ಸಂದೇಶ ಉಳಿಯುತ್ತದೆ. ಮುಗ್ಧ ಲೆಕ್ಕದಲ್ಲಾದರೋ ಸಂಶಯ 100, ವಿಶ್ವಾಸ 20. ಸಂದೇಶ ಬುಟ್ಟಿಗೆ ಬೀಳುತ್ತದೆ. ಪುನರುಕ್ತಿಯೇ ಪುರಾವೆಯಾಗಿ, ಸತ್ಯ ಸೋಲುವ ಪರಿ ಇದು.

ಮಂಜು ಮುಸುಕಿದ ಬೆಟ್ಟ

ಪರಿಹಾರವೇನು? ಜೋಡಿ ಪದಗಳಲ್ಲಿ ಒಂದನ್ನು ಕೈಬಿಡಬಹುದು. ಎರಡನ್ನೂ ಸೇರಿಸಿ ಒಂದೇ ಲಕ್ಷಣವಾಗಿ ಎಣಿಸಬಹುದು. ಇಲ್ಲವೇ ಒಂದು ಮತ್ತೊಂದನ್ನು ಅವಲಂಬಿಸಿದೆ ಎಂದು ಲೆಕ್ಕಕ್ಕೆ ತಿಳಿಸಿಕೊಡಬಹುದು. ಮೂರೂ ಸುಲಭವಾಗಿ ಕಾಣುತ್ತವೆ. ಯಾವುದನ್ನು ಬಿಡಬೇಕು, ಯಾವುದರೊಡನೆ ಯಾವುದನ್ನು ಕೂಡಿಸಬೇಕು ಎಂದು ನಿರ್ಧರಿಸುವುದೇ ಕಷ್ಟ. ಕೇವಲ 30 ಲಕ್ಷಣಗಳಿದ್ದರೂ ಅವುಗಳಿಂದ ಆಯ್ದುಕೊಳ್ಳಬಹುದಾದ ಗುಂಪುಗಳ ಸಂಖ್ಯೆ 107 ಕೋಟಿಯನ್ನು ಮೀರುತ್ತದೆ. ಲಕ್ಷಣಗಳ ನಡುವಿನ ಅವಲಂಬನೆಯ ನಕ್ಷೆಗಳನ್ನು ಎಣಿಸಹೊರಟರಂತೂ ಹತ್ತೇ ಲಕ್ಷಣಗಳಿಗೆ ಸಿಗುವ ನಕ್ಷೆಗಳ ಸಂಖ್ಯೆ ಹತ್ತೊಂಬತ್ತು ಅಂಕಿಗಳಷ್ಟು ಉದ್ದವಾಗುತ್ತದೆ. ಎಲ್ಲವನ್ನೂ ಪರೀಕ್ಷಿಸಿ ಅತ್ಯುತ್ತಮವಾದುದನ್ನು ಆರಿಸುವುದು ಆಗದ ಮಾತು.

ಇಲ್ಲಿಯೇ ಹ್ಯೂರಿಸ್ಟಿಕ್ ಶೋಧದ ಪ್ರವೇಶ. ಖಚಿತ ಭರವಸೆಯಿಲ್ಲದಿದ್ದರೂ ಬಹುತೇಕ ಒಳ್ಳೆಯ ಕಡೆಗೇ ಕರೆದೊಯ್ಯುವ ಅನುಭವಸೂತ್ರವನ್ನು ಹಿಡಿದು ಹುಡುಕುವುದೇ ಅದರ ತಿರುಳು. ಮಂಜು ಮುಸುಕಿದ ಬೆಟ್ಟವನ್ನು ಏರುವವನಿಗೆ ಶಿಖರ ಕಾಣದು. ಸುತ್ತಲಿನ ನೆಲದಲ್ಲಿ ಯಾವ ಕಡೆ ಏರಿದೆಯೋ ಆ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಾನೆ. ಯಂತ್ರವೂ ಹಾಗೆಯೇ. ಮೊದಲು ಒಂದೂ ಲಕ್ಷಣವಿಲ್ಲದೆ ಆರಂಭಿಸಿ, ಯಾವುದನ್ನು ಸೇರಿಸಿದರೆ ನಿಖರತೆ ಹೆಚ್ಚುತ್ತದೆಯೋ ಅದನ್ನು ಸೇರಿಸಿಕೊಳ್ಳುತ್ತದೆ. ಮುಂದೆ ಏರಿಕೆ ನಿಂತಾಗ ತಾನೂ ನಿಲ್ಲುತ್ತದೆ. ಈ ಕ್ರಮದಲ್ಲಿ 30 ಲಕ್ಷಣಗಳಿಗೆ ಹೆಚ್ಚೆಂದರೆ 465 ಪರೀಕ್ಷೆಗಳು ಸಾಕು. 107 ಕೋಟಿಯೆಲ್ಲಿ, 465 ಎಲ್ಲಿ!

ಪ್ಯಾಟ್ ಲ್ಯಾಂಗ್ಲಿ ಮತ್ತು ಸ್ಟೆಫನಿ ಸೇಜ್ 1994ರಲ್ಲಿ ಇದನ್ನೇ ಮಾಡಿದರು. ಪುನರುಕ್ತಿಯ ಲಕ್ಷಣಗಳಿರುವ ಕಡೆ ಫಲಿತಾಂಶ ಸುಧಾರಿಸಿತು. ಇಲ್ಲದ ಕಡೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಪಝಾನಿ 1996ರಲ್ಲಿ ಲಕ್ಷಣಗಳನ್ನು ಬಿಡುವುದರ ಜೊತೆಗೆ ಕೂಡಿಸುವ ಹೆಜ್ಜೆಯನ್ನೂ ಹುಡುಕಾಟಕ್ಕೆ ಸೇರಿಸಿದರು. ಅದೇ ವರ್ಷ ರಾನ್ ಕೊಹಾವಿ ಬೇರೊಂದು ದಾರಿ ಹಿಡಿದು, ದತ್ತಾಂಶವನ್ನು ಮರದ ಕೊಂಬೆಗಳಂತೆ ಕವಲೊಡೆಸಿ ಪ್ರತಿ ಕೊಂಬೆಯ ತುದಿಯಲ್ಲಿ ಒಂದೊಂದು ಮುಗ್ಧ ಬೇಯ್ಸ್ ಲೆಕ್ಕವನ್ನು ಕೂರಿಸಿದರು. 1997ರಲ್ಲಿ ನಿರ್ ಫ್ರೀಡ್‌ಮನ್, ಡ್ಯಾನ್ ಗೈಗರ್ ಮತ್ತು ಮೊಯಿಸೆಸ್ ಗೋಲ್ಡ್‌ಝ್ಮಿಟ್ ಪ್ರತಿ ಲಕ್ಷಣವೂ ಹೆಚ್ಚೆಂದರೆ ಮತ್ತೊಂದು ಲಕ್ಷಣವನ್ನು ಅವಲಂಬಿಸಬಹುದೆಂಬ ಸಡಿಲಿಕೆ ಕೊಟ್ಟರು. ಎಮನ್ ಕಿಯೋ ಮತ್ತು ಪಝಾನಿ 1999ರಲ್ಲಿ ಅಂತಹ ಅವಲಂಬನೆಗಳನ್ನು ಬೆಟ್ಟ ಹತ್ತುವ ಕ್ರಮದಲ್ಲೇ, ನಿಖರತೆಯನ್ನು ದೀಪವಾಗಿ ಹಿಡಿದು ಹುಡುಕಿದರು.

ಈ ಹುಡುಕಾಟಗಳೆಲ್ಲ ಸಾಧ್ಯವಾದುದು ಮೂಲ ಲೆಕ್ಕ ಅಗ್ಗವಾಗಿದ್ದುದರಿಂದ. ಕೇವಲ ಎಣಿಕೆಯಿಂದ ಕಲಿಯುವ ಯಂತ್ರವನ್ನು ನೂರಾರು ಬಾರಿ ಹೊಸದಾಗಿ ಕಲಿಸಿ ನೋಡುವುದು ಸಾಮಾನ್ಯ ಗಣಕಯಂತ್ರಕ್ಕೂ ಹೊರೆಯಲ್ಲ.

ಬೆಟ್ಟ ಹತ್ತುವ ಕ್ರಮಕ್ಕೂ ಮಿತಿಯಿದೆ. ಹತ್ತಿರದ ಗುಡ್ಡದ ನೆತ್ತಿಯನ್ನೇ ಶಿಖರವೆಂದು ಭ್ರಮಿಸಿ ನಿಂತುಬಿಡುವ ಸಾಧ್ಯತೆ ಅದರಲ್ಲಿದೆ. ಆದ್ದರಿಂದ ಆಗಾಗ ಬೇಕೆಂದೇ ಒಂದು ಹೆಜ್ಜೆ ಕೆಳಗಿಳಿಯಲು ಅವಕಾಶ ಕೊಟ್ಟು, ಕಾಲ ಕಳೆದಂತೆ ಆ ಅವಕಾಶವನ್ನು ಕಡಿಮೆ ಮಾಡುವ ವಿಧಾನವೂ ಬಳಕೆಗೆ ಬಂತು. ಕಾಯಿಸಿದ ಲೋಹವನ್ನು ನಿಧಾನವಾಗಿ ತಣಿಸುವ ಕ್ರಿಯೆಯೇ ಇದಕ್ಕೆ ಸ್ಫೂರ್ತಿ; 1983ರಲ್ಲಿ ಕರ್ಕ್‌ಪ್ಯಾಟ್ರಿಕ್, ಗೆಲಾಟ್ ಮತ್ತು ವೆಕಿ ಇದನ್ನು ನಿರೂಪಿಸಿದರು. ಅನೇಕ ಪರಿಹಾರಗಳನ್ನು ಒಟ್ಟಿಗೆ ಬೆಳೆಸಿ, ಉತ್ತಮವಾದವುಗಳನ್ನು ಕೂಡಿಸಿ ಹೊಸ ಪೀಳಿಗೆ ಪಡೆಯುವ ಜಾನ್ ಹಾಲಂಡರ ತಳಿ ಕ್ರಮವೂ ಇದೇ ಉದ್ದೇಶಕ್ಕೆ ಬಳಕೆಯಾಗಿದೆ.

ಅತಿ ಹುಡುಕಾಟದ ಅಪಾಯ

ಹಾಗಾದರೆ ಹೆಚ್ಚು ಹುಡುಕಿದಷ್ಟೂ ಹೆಚ್ಚು ಒಳ್ಳೆಯದೇ? ಅಲ್ಲ. 1,024 ಜನರು ತಲಾ ಹತ್ತು ಬಾರಿ ನಾಣ್ಯ ಚಿಮ್ಮಿದರೆ, ಹತ್ತಕ್ಕೆ ಹತ್ತೂ ತಲೆಯೇ ಬೀಳುವವರು ಸರಾಸರಿ ಒಬ್ಬರಿರುತ್ತಾರೆ. ಅವರನ್ನು ಕರೆದು ಸನ್ಮಾನಿಸಿದರೆ ಸನ್ಮಾನವಾಗುವುದು ಕೈಚಳಕಕ್ಕಲ್ಲ, ಅದೃಷ್ಟಕ್ಕೆ. ಕೋಟಿಗಟ್ಟಲೆ ಗುಂಪುಗಳನ್ನು ಒಂದೇ ದತ್ತಾಂಶದ ಮೇಲೆ ಪರೀಕ್ಷಿಸಿ ಗೆದ್ದುದನ್ನು ಆರಿಸಿದಾಗಲೂ ಇದೇ ಆಗಬಹುದು. ಆ ದತ್ತಾಂಶದ ಆಕಸ್ಮಿಕಗಳಿಗೆ ಹೊಂದಿಕೊಂಡ ಗುಂಪು ಗೆಲ್ಲುತ್ತದೆ, ಹೊಸ ಸಂದೇಶಗಳು ಬಂದಾಗ ಸೋಲುತ್ತದೆ. ರಾಸ್ ಕ್ವಿನ್‌ಲನ್ ಮತ್ತು ಕ್ಯಾಮರೂನ್-ಜೋನ್ಸ್ 1995ರಲ್ಲಿಯೇ ಈ ‘ಅತಿ ಹುಡುಕಾಟ’ದ ಬಗ್ಗೆ ಎಚ್ಚರಿಸಿದ್ದರು. ನಿಯಮಗಳನ್ನು ಹೆಚ್ಚು ವಿಸ್ತಾರವಾಗಿ ಹುಡುಕಿದಾಗ ಫಲಿತಾಂಶ ಕೆಲವೊಮ್ಮೆ ಕೆಟ್ಟುದನ್ನು ಅವರು ತೋರಿಸಿದರು.

ಆದ್ದರಿಂದ ಹುಡುಕಾಟಕ್ಕೆ ಒಂದು ದತ್ತಾಂಶ, ಅಂತಿಮ ಪರೀಕ್ಷೆಗೆ ಹುಡುಕಾಟದ ಕಣ್ಣಿಗೆ ಬೀಳದೆ ಬೀಗ ಹಾಕಿಟ್ಟ ಇನ್ನೊಂದು ದತ್ತಾಂಶ ಇರಲೇಬೇಕು. ಪರೀಕ್ಷೆಗೆ ಮುನ್ನವೇ ಪ್ರಶ್ನೆಪತ್ರಿಕೆ ನೋಡಿದ ವಿದ್ಯಾರ್ಥಿಯ ಅಂಕಗಳನ್ನು ಯಾರೂ ಜ್ಞಾನದ ಅಳತೆಯೆಂದು ಒಪ್ಪುವುದಿಲ್ಲ. ಯಂತ್ರದ ವಿಷಯದಲ್ಲಿ ಮಾತ್ರ ಶೇಕಡಾವಾರು ಅಂಕಿ ಕಂಡೊಡನೆ ನಾವು ತಲೆದೂಗುತ್ತೇವೆ.

ಹುಡುಕಾಟವನ್ನೇ ಬಿಟ್ಟು ಮುಂದೆ ಹೋಗುವ ದಾರಿಯೂ ಇದೆ ಎಂಬುದನ್ನು ಮರೆಯಬಾರದು. ಆಸ್ಟ್ರೇಲಿಯಾದ ಜೆಫ್ರಿ ವೆಬ್ ಮತ್ತು ಸಂಗಡಿಗರು 2005ರಲ್ಲಿ ಸೂಚಿಸಿದ ವಿಧಾನದಲ್ಲಿ ಒಂದು ಅವಲಂಬನೆಯ ನಕ್ಷೆಯನ್ನು ಆರಿಸುವ ಬದಲು, ಪ್ರತಿ ಲಕ್ಷಣವನ್ನೂ ಒಮ್ಮೆ ಯಜಮಾನನನ್ನಾಗಿ ಮಾಡಿ ಎಲ್ಲ ಲೆಕ್ಕಗಳ ಸರಾಸರಿಯನ್ನು ತೆಗೆದುಕೊಳ್ಳಲಾಗುತ್ತದೆ. ಒಬ್ಬ ಮುಖಂಡನನ್ನು ಹುಡುಕಿ ಹುಡುಕಿ ಆರಿಸುವುದಕ್ಕಿಂತ ಪಂಚಾಯಿತಿಯ ಒಟ್ಟಭಿಪ್ರಾಯ ಮೇಲು ಎಂಬ ನ್ಯಾಯ ಇಲ್ಲಿಯೂ ಸಲ್ಲುತ್ತದೆ.

ಗೆಲುವೆಂದರೆ ಯಾವುದು?

ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಹುಡುಕುವವನಿಗೆ ‘ಮೇಲೆ’ ಎಂದರೆ ಯಾವ ಕಡೆ ಎಂದು ಹೇಳಿಕೊಟ್ಟವರು ಯಾರು? ಸಂಶೋಧಕರು ಬಹಳವಾಗಿ ಬಳಸುವ, 2011ರಲ್ಲಿ ಬೆಳಕಿಗೆ ಬಂದ ಮೊಬೈಲ್ ಸಂದೇಶಗಳ ಸಂಗ್ರಹವೊಂದರಲ್ಲಿ 5,574 ಸಂದೇಶಗಳಿವೆ. ಅವುಗಳಲ್ಲಿ ರದ್ದಿ 747. ಏನನ್ನೂ ಓದದೆ ‘ಎಲ್ಲವೂ ಒಳ್ಳೆಯವೇ’ ಎಂದು ಕಣ್ಣುಮುಚ್ಚಿ ಹೇಳುವ ಸೋಮಾರಿ ಯಂತ್ರವೂ ಇದರಲ್ಲಿ ಶೇ 86.6ರಷ್ಟು ನಿಖರ! ನಿಖರತೆಯೊಂದನ್ನೇ ಗುರಿಯಾಗಿ ಕೊಟ್ಟರೆ ಹುಡುಕಾಟ ಇಂಥ ಪೊಳ್ಳು ಎತ್ತರಗಳತ್ತ ಸಾಗಬಹುದು.

ತಪ್ಪುಗಳೆಲ್ಲ ಸಮಾನವಲ್ಲ. ಒಂದು ಜಾಹೀರಾತು ನುಸುಳಿದರೆ ಅಳಿಸಿಹಾಕಬಹುದು. ಸಂದರ್ಶನಕ್ಕೆ ಕರೆದ ಪತ್ರ ಕಾಣೆಯಾದರೆ ನೌಕರಿಯೇ ತಪ್ಪಬಹುದು. ಹಿಂದಿನ ಸಂಶೋಧಕರು ಇದನ್ನು ಅರಿತಿದ್ದರು. ಸಹಾಮಿ ತಂಡವು ಸಂಭವನೀಯತೆ ಶೇ 99.9ನ್ನು ಮೀರಿದರೆ ಮಾತ್ರ ಅಂಚೆಯನ್ನು ರದ್ದಿ ಎಂದು ಪರಿಗಣಿಸಿತು. ಗ್ರಹಾಂ ಒಳ್ಳೆಯ ಅಂಚೆಯಲ್ಲಿ ಬಂದ ಪದಗಳ ಎಣಿಕೆಯನ್ನು ದುಪ್ಪಟ್ಟು ಮಾಡಿ ಸಜ್ಜನರ ಪರ ವಾಲಿದರು. ಆದರೆ ಮೇಲೆ ಕಂಡಂತೆ ಪುನರುಕ್ತಿಯಿಂದ ಉಬ್ಬಿದ ಲೆಕ್ಕದಲ್ಲಿ ಶೇ 99.9 ಎಂಬುದು ನಿಜವಾದ 99.9 ಅಲ್ಲ, ಅಂಥ ಪದಗಳು ಮೂರು ಸೇರಿದರೆ ಅನುಪಾತ 1,000ಕ್ಕೆ 1 ಆಗಿ ಆ ಗಡಿಯನ್ನು ದಾಟಿಬಿಡುತ್ತದೆ. ಅಂಕಿಯ ಗಡಿಯನ್ನು ಎಷ್ಟೇ ಮೇಲೆ ಇಟ್ಟರೂ, ಅಂಕಿಯೇ ಸುಳ್ಳು ಹೇಳುತ್ತಿದ್ದರೆ ರಕ್ಷಣೆ ದೊರೆಯದು. ಪುನರುಕ್ತಿಯನ್ನು ಹುಡುಕಿ ತೆಗೆಯುವ ಕೆಲಸದ ಮಹತ್ವ ಇರುವುದು ಇಲ್ಲಿ.

ಎದುರಾಳಿಯೂ ಸುಮ್ಮನೆ ಕೂರುವವನಲ್ಲ. ವಂಚಕರು ಸಂದೇಶಗಳಲ್ಲಿ ಒಳ್ಳೆಯ ಪದಗಳನ್ನು ತುರುಕುತ್ತಾರೆ, ಸಂಶಯದ ಪದಗಳ ಕಾಗುಣಿತವನ್ನು ಕೆಡಿಸುತ್ತಾರೆ. ನಿನ್ನೆಯ ಹುಡುಕಾಟ ಆರಿಸಿದ ಲಕ್ಷಣಗಳು ನಾಳೆ ನಿಷ್ಪ್ರಯೋಜಕವಾಗಬಹುದು. ಈ ಕ್ಷೇತ್ರದಲ್ಲಿ ಒಮ್ಮೆ ಗೆದ್ದು ವಿರಮಿಸುವಂತಿಲ್ಲ.

ಕನ್ನಡದ ಮಟ್ಟಿಗೆ

ಕನ್ನಡದಂಥ ಭಾಷೆಗೆ ಈ ಚರ್ಚೆ ದೂರದ್ದಲ್ಲ. ಸಾಲ, ಸಾಲದ, ಸಾಲಕ್ಕೆ, ಸಾಲವನ್ನು ಎಂಬ ರೂಪಗಳನ್ನು ನಾವು ಒಂದೇ ಪದದ ವಿಭಕ್ತಿಗಳೆಂದು ಬಲ್ಲೆವು. ಎಣಿಸುವ ಯಂತ್ರಕ್ಕೆ ಅವು ನಾಲ್ಕು ಬೇರೆ ಬೇರೆ ಪದಗಳು. ಅದೇ ಪದವನ್ನು ಜನರು ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದಂತೆ ಬರೆದಾಗ ಸಂಖ್ಯೆ ಇನ್ನೂ ಬೆಳೆಯುತ್ತದೆ. ಲಕ್ಷಣಗಳು ಹೆಚ್ಚು, ಗುರುತಿಸಿಟ್ಟ ಉದಾಹರಣೆಗಳು ಕಡಿಮೆ. ಕನ್ನಡ-ಇಂಗ್ಲಿಷ್ ಬೆರಕೆಯ ಯೂಟ್ಯೂಬ್ ಟಿಪ್ಪಣಿಗಳ ಒಂದು ಸಂಗ್ರಹ 2020ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವು 7,671 ಟಿಪ್ಪಣಿಗಳು. ದೈತ್ಯ ಮಾದರಿಗಳನ್ನು ಮೊದಲಿನಿಂದ ಕಲಿಸಲು ಇಷ್ಟು ಯಾತಕ್ಕೂ ಸಾಲದು. ಮಿತವಾದ ಉದಾಹರಣೆಗಳಿಂದ ಕಲಿಯಬಲ್ಲ ಸರಳ ಲೆಕ್ಕ, ಒಂದೇ ಮೂಲದ ರೂಪಗಳನ್ನು ಕೂಡಿಸಿ ನಿರುಪಯುಕ್ತವಾದುದನ್ನು ಬಿಡುವ ಹುಡುಕಾಟ, ಇವೆರಡರ ಜೋಡಿಯನ್ನು ಕನಿಷ್ಠಪಕ್ಷ ಮೊದಲ ಮೆಟ್ಟಿಲಾಗಿಯಾದರೂ ಪರೀಕ್ಷಿಸದೆ ದುಬಾರಿ ದಾರಿ ಹಿಡಿಯುವುದು ವಿವೇಕವಲ್ಲ.

ಸರಳ ವರ್ಗೀಕಾರಕವು ಎಲ್ಲ ಕೆಲಸಕ್ಕೂ ಸಾಕೆಂದು ಹೇಳುವುದು ಅತಿರೇಕವಾದೀತು. ವ್ಯಂಗ್ಯ, ಧ್ವನಿ, ಸಂದರ್ಭಗಳನ್ನು ಗ್ರಹಿಸುವಲ್ಲಿ ಪದಗಳ ಎಣಿಕೆ ಸೋಲುತ್ತದೆ. ಅಲ್ಲಿ ದೊಡ್ಡ ಮಾದರಿಗಳದ್ದೇ ಮೇಲುಗೈ. ಆದರೆ ಸರಳ ಲೆಕ್ಕಕ್ಕೆ ಒಂದು ದೊಡ್ಡ ಗುಣವಿದೆ. ನಿಮ್ಮ ಸಂದೇಶವನ್ನು ಏಕೆ ತಡೆಯಲಾಯಿತೆಂದು ಕೇಳಿದರೆ, ಇಂತಿಂಥ ಲಕ್ಷಣ ಇಷ್ಟಿಷ್ಟು ತೂಗಿತು ಎಂದು ಅದು ಪಟ್ಟಿ ಕೊಡಬಲ್ಲದು. ಹುಡುಕಾಟದಿಂದ ಲಕ್ಷಣಗಳ ಸಂಖ್ಯೆ ತಗ್ಗಿದಷ್ಟೂ ಆ ಪಟ್ಟಿ ಚಿಕ್ಕದಾಗುತ್ತದೆ, ಪ್ರಶ್ನಿಸಲು ಸುಲಭವಾಗುತ್ತದೆ. ಲೀಡ್ಸ್‌ನ ವೈದ್ಯರಿಗೆ ಇದ್ದ ಅನುಕೂಲವೂ ಅದೇ. ಯಂತ್ರದ ಮಾತನ್ನು ಅವರು ಕಣ್ಣುಮುಚ್ಚಿ ನಂಬಬೇಕಾಗಿರಲಿಲ್ಲ, ಲಕ್ಷಣಗಳೊಡನೆ ತಾಳೆ ನೋಡಬಹುದಿತ್ತು.

ಇಂದು ಸಂದೇಶ ವಿಂಗಡಿಸುವ ಯಂತ್ರದ ಸೋದರರೇ ಸಾಲದ ಅರ್ಜಿಯನ್ನೂ ವಿಮೆಯ ಕೋರಿಕೆಯನ್ನೂ ತೂಗುತ್ತಿದ್ದಾರೆ. ಸಾರ್ವಜನಿಕ ಹಣದಿಂದ ಇಂಥ ವ್ಯವಸ್ಥೆಯನ್ನು ಕೊಳ್ಳುವ ಇಲಾಖೆಗಳು ಮಾರಾಟಗಾರರನ್ನು ನಾಲ್ಕು ಪ್ರಶ್ನೆಗಳನ್ನಾದರೂ ಕೇಳಬೇಕು. ಯಾರ ದತ್ತಾಂಶದಿಂದ ಇದು ಕಲಿಯಿತು? ಯಾವ ಗುರಿಯನ್ನಿಟ್ಟು ಲಕ್ಷಣಗಳನ್ನು ಆರಿಸಿತು? ಹಿಂದೆಂದೂ ನೋಡದ ದತ್ತಾಂಶದ ಮೇಲೆ ಪರೀಕ್ಷೆ ನಡೆದಿದೆಯೇ, ಸರಳ ವಿಧಾನಕ್ಕಿಂತ ಇದು ಎಷ್ಟು ಮೇಲು? ತಪ್ಪಾದಾಗ ನಾಗರಿಕನು ಯಾರ ಬಳಿ ದೂರಬೇಕು? ಮೊದಲ ಮೂರಕ್ಕೆ ಉತ್ತರ ಕೊಡಲಾಗದ ಯಂತ್ರವನ್ನು ಕೊಳ್ಳಬಾರದು; ನಾಲ್ಕನೆಯದಕ್ಕೆ ಉತ್ತರವಿಲ್ಲದ ಇಲಾಖೆ ಅದನ್ನು ಬಳಸಬಾರದು. ಲಕ್ಷಣಗಳನ್ನು ಹುಡುಕುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಯಾವುದು ಗೆಲುವು, ಯಾವ ತಪ್ಪು ಸಹ್ಯ ಎಂದು ನಿರ್ಧರಿಸುವ ಹೊಣೆ ಮನುಷ್ಯರದ್ದೇ ಆಗಿ ಉಳಿಯಬೇಕು.